ಹೊತ್ತು ಮೀರಿ ಬಂದವನು

ಕುಮಟೆಯ ನಮ್ಮ ಮನೆಯಲ್ಲಿ ಅಜ್ಜ ನಕ್ಷತ್ರಗಳಿರುವಾಗಲೇ ಪ್ರಾತಃಸಂಧ್ಯೆಗೆ ಕುಳಿತುಬಿಡುತ್ತಿದ್ದರು. ಅದು ಉತ್ತಮ, ನಕ್ಷತ್ರಗಳು ಮರೆಯಾದ ಮೇಲೆ ಮಧ್ಯಮ, ಸೂರ್ಯೋದಯವಾದ ಮೇಲೆ ಅಧಮ ಎಂಬುದು ಅವರ ಪಾಠ. ಮುಂದೆ ಭಟ್ಕಳದಲ್ಲಿದ್ದಾಗ ನೆರೆಯ ನವಾಯತ ಹಿರಿಯರೊಬ್ಬರು ಹೇಳಿದರು: ಫಜ್ರ್ ನಮಾಜಿನ ವೇಳೆ ಅರುಣೋದಯದಿಂದ ಸೂರ್ಯೋದಯದವರೆಗೆ ಮಾತ್ರ.

ನಿವೃತ್ತಿಯ ಬಳಿಕ, ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯಹೂದ್ಯರ ಧರ್ಮಸಂಹಿತೆ 'ಮಿಶ್ನಾ'ದ ವಿಚಾರ ಓದಿದೆ. ನೀಲಿಗೂ ಬಿಳಿಗೂ ಭೇದ ಕಾಣುವಷ್ಟು ಬೆಳಕಾದರೆ ಬೆಳಗಿನ 'ಶೆಮಾ' ಪಠನದ ಹೊತ್ತು ಆರಂಭ. ಸೂರ್ಯೋದಯಕ್ಕೇ ಅದು ಮುಗಿಯಿತೆಂದು ಒಬ್ಬ ಆಚಾರ್ಯರ ಮತ. ಹಗಲನ್ನು ಹನ್ನೆರಡು ಪಾಲು ಮಾಡಿ, ಮೂರನೆಯ ಪಾಲು ತೀರುವವರೆಗೆ ಉಂಟೆಂದು ಇನ್ನೊಬ್ಬರದು. ಅದನ್ನೂ ಮೀರಿ ಪಠಿಸಿದವನಿಗೆ ನಷ್ಟವಿಲ್ಲ. ಧರ್ಮಗ್ರಂಥ ಓದಿದ ಫಲವಾದರೂ ಉಂಟು.

ಆ ಮಾತಿನಲ್ಲಿ ನನ್ನ ಓದು ನಿಂತುಹೋಯಿತು. ಹೊತ್ತು ಮೀರಿದ ದಿನ ಅಜ್ಜನೂ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಹೆಚ್ಚಿಗೆ ಕೊಟ್ಟು ಸಂಧ್ಯೆ ಪೂರೈಸುತ್ತಿದ್ದರು. ನಿದ್ದೆಯಿಂದ ತಪ್ಪಿದ ಫಜ್ರನ್ನೂ ಎಚ್ಚರವಾದ ಮೇಲೆ ಸಲ್ಲಿಸಬಹುದು. ಮೂರು ಧರ್ಮಗಳೂ ಗಡುವು ವಿಧಿಸಿವೆ, ತಡವಾದವನನ್ನು ಹೊರಗಟ್ಟಿಲ್ಲ.

ಹೊರಗಟ್ಟಿದವನು ನಾನು. ಹೊನ್ನಾವರದಲ್ಲಿ, ಶಾಲೆಯ ಪ್ರಾರ್ಥನೆಯ ಗಂಟೆಯಾದ ಮೇಲೆ ಬಂದ ಹುಡುಗನೊಬ್ಬನನ್ನು ಮಳೆಯಲ್ಲಿ ಗೇಟಿನಾಚೆ ನಿಲ್ಲಿಸಿದ್ದೆ. ಕಾರಣ ಕೇಳಲಿಲ್ಲ. ಶರಾವತಿಯಲ್ಲಿ ತಂದೆಯೊಡನೆ ಬಲೆ ಎಳೆದು ಓಡಿಬಂದಿದ್ದನೆಂದು ಆಮೇಲೆ ತಿಳಿಯಿತು. ಮರುವರ್ಷ ಅವನು ಶಾಲೆಗೆ ಬರಲೇ ಇಲ್ಲ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ, ಮಾಸ್ತರರು ಹೊತ್ತು ಮೀರಿ ಕ್ಷಮೆ ಬೇಡಿದರೆಂದು ತಿಳಿಸಿರಿ.