ಕಬ್ಬಿಣದ ಗೋಡೆಯೊಳಗಿನ ಊರು

ಬಳ್ಳಾರಿ ಸೀಮೆ ಎಂದೊಡನೆ ನಾಡಿನ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಉರಿಬಿಸಿಲು, ಬೋಳು ಬಂಡೆಗಳ ಗುಡ್ಡ ಮತ್ತು ಜಾಲಿಯ ಮುಳ್ಳು. ಆ ಚಿತ್ರ ಸುಳ್ಳಲ್ಲ. ಆದರೆ ಮಳೆಗಾಲದ ಕೊನೆಯಲ್ಲಿ ಹೊಸಪೇಟೆಯಿಂದ ಸಂಡೂರಿನ ದಾರಿ ಹಿಡಿದವನು ತಾನು ಅದೇ ಸೀಮೆಯಲ್ಲಿರುವೆನೆಂಬುದನ್ನು ಕ್ಷಣಕಾಲ ಮರೆಯುತ್ತಾನೆ. ಬಯಲು ಮುಗಿದು ಬೆಟ್ಟಗಳು ಎದ್ದು ನಿಲ್ಲುತ್ತವೆ. ಅವುಗಳ ಮೈತುಂಬ ಆಳೆತ್ತರದ ಹುಲ್ಲು, ಕಣಿವೆಯ ಮಡಿಲಿನಲ್ಲಿ ದಟ್ಟ ಕುರುಚಲು ಕಾಡು. ನೆತ್ತಿಯ ಮೇಲೆ ಮೋಡ ತಂಗಿರುತ್ತದೆ. ‘ಸೆಪ್ಟೆಂಬರ್ ತಿಂಗಳಲ್ಲಿ ಸಂಡೂರನ್ನು ನೋಡಬೇಕು’ ಎಂಬ ಮಾತು ಅಲ್ಲಿಯ ಜನರ ಬಾಯಲ್ಲಿದೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿಯವರೇ ಹೀಗೆ ಹೇಳಿದರೆಂದು ಅವರು ಅಭಿಮಾನದಿಂದ ನೆನೆಯುತ್ತಾರೆ. ಮಾತು ಯಾರದೇ ಇರಲಿ, ತಿಂಗಳನ್ನು ಆರಿಸಿದವನು ಊರನ್ನು ಬಲ್ಲವನೇ ಸರಿ.

ಸಂಡೂರು ಒಂದು ಕಣಿವೆ. ಎರಡು ಬದಿಯಲ್ಲಿಯೂ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಬೆಟ್ಟದ ಸಾಲುಗಳು ಅದಕ್ಕೆ ಗೋಡೆಗಳಾಗಿವೆ. ಈ ಗೋಡೆಗಳನ್ನು ಸೀಳಿ ನಾರಿಹಳ್ಳವೆಂಬ ಹೊಳೆ ಹರಿಯುತ್ತದೆ. ಹೊಸಪೇಟೆಯ ಕಡೆಯ ಸೀಳು ಭೀಮಗಂಡಿ, ಪೂರ್ವದ ಸೀಳು ಓಬಳಗಂಡಿ. ಓಬಳಗಂಡಿಯಲ್ಲಿ ಹಳ್ಳದ ಎರಡೂ ದಡಗಳಲ್ಲಿ ಕಡುಗೆಂಪು, ನೇರಳೆ ಬಣ್ಣದ ಬಂಡೆಗಳು ನೆಟ್ಟಗೆ ನಿಂತಿವೆ. ಅಲ್ಲಿ ನಿಂತು ತಲೆಯೆತ್ತಿದರೆ ಆಕಾಶವೂ ಒಂದು ಕಿರಿದಾದ ಹೊಳೆಯಂತೆ ಕಾಣುತ್ತದೆ. ಹೀಗೆ ಹೊರಬಿದ್ದ ನೀರು ಕೆಳಗಿನ ದರೋಜಿ ಕೆರೆಯನ್ನು ತುಂಬುತ್ತದೆ.

ಈ ಗೋಡೆಗಳನ್ನು ಕಟ್ಟಿದ್ದು ಕಬ್ಬಿಣ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರಪದರವಾಗಿ ಕೂಡಿಬಿದ್ದ ಕಬ್ಬಿಣದ ಶಿಲೆಗಳು ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಸಿದ ಕಂಬಳಿಯಂತೆ ಸುಕ್ಕುಗಟ್ಟಿದವು. ಮೆದುವಾದ ಕಲ್ಲನ್ನೆಲ್ಲ ಮಳೆಗಾಳಿಗಳು ಸವೆಸಿದುವು. ಕಬ್ಬಿಣದ ಶಿಲೆ ಮಾತ್ರ ಸವೆಯಲೊಲ್ಲದೆ ಎದ್ದು ಉಳಿಯಿತು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು 1895ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫುಟ್ ಈ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಅಳೆದವರಲ್ಲಿ ಮೊದಲಿಗರು. ಎತ್ತರ ಉಳಿದುದರಿಂದ ಮೋಡ ತಡೆಯಿತು. ಮೋಡ ತಡೆದುದರಿಂದ ಕಾಡು ಬೆಳೆಯಿತು. ಸಂಡೂರಿನ ತಂಪು, ಹಸುರು, ಹಳ್ಳ ಎಲ್ಲವೂ ಆ ಕಬ್ಬಿಣದ ಕೊಡುಗೆ.

ಊರಿನ ಸ್ವಾತಂತ್ರ್ಯವೂ ಬಹುಕಾಲ ಅದರ ಕೊಡುಗೆಯೇ ಆಗಿತ್ತು. 18ನೆಯ ಶತಮಾನದ ಮೊದಲರ್ಧದಲ್ಲಿ ಬೇಡ ಪಾಳೆಯಗಾರರಿಂದ ಈ ಕಣಿವೆಯನ್ನು ಗೆದ್ದುಕೊಂಡ ಘೋರ್ಪಡೆ ಮನೆತನ, ನಡುವೆ ಹೈದರ್ ಮತ್ತು ಟೀಪುವಿನ ಕಾಲದಲ್ಲಿ ಅದನ್ನು ಕಳೆದುಕೊಂಡು, ಮತ್ತೆ ಪಡೆಯಿತು. ಪುಣೆಯ ಪೇಶ್ವೆ ಎರಡನೆಯ ಬಾಜಿರಾಯನಿಗೆ ಈ ಪುಟ್ಟ ಸಂಸ್ಥಾನದ ಮೇಲೆ ಕಣ್ಣಿತ್ತು. ಬೆಟ್ಟದ ಮೇಲಿನ ಕುಮಾರಸ್ವಾಮಿಯ ದರ್ಶನದ ನೆಪದಿಂದ ಅವನು ಪರಿವಾರದೊಡನೆ ಬಂದನು. ಯಾತ್ರೆಗೆ ಇಷ್ಟು ಸೈನ್ಯವೇಕೆಂದು ಸಂಶಯಗೊಂಡ ಇಲ್ಲಿಯ ಅರಸು ಶಿವರಾಯನು ಗಂಡಿಗಳನ್ನು ತಡೆದನು. ಭಕ್ತನಿಗೆ ದಾರಿಯುಂಟು, ಸೈನ್ಯಕ್ಕಿಲ್ಲ! ಪೇಶ್ವೆ ತನ್ನ ಮಿತ್ರರಾದ ಇಂಗ್ಲಿಷರ ಮೊರೆಹೊಕ್ಕನು. 1817ರಲ್ಲಿ ಥಾಮಸ್ ಮನ್ರೋ ಪಡೆಯೊಡನೆ ಬಂದಾಗ ಶಿವರಾಯನು ಯುದ್ಧಕ್ಕೆ ನಿಲ್ಲದೆ ಊರನ್ನು ಒಪ್ಪಿಸಿದನು. ಆದರೆ ಪೇಶ್ವೆ ಬಹುಬೇಗ ಆ ಇಂಗ್ಲಿಷರ ಮೇಲೆಯೇ ತಿರುಗಿಬಿದ್ದು ಪದವಿ ಕಳೆದುಕೊಂಡನು. ಸಂಡೂರು ಮತ್ತೆ ಶಿವರಾಯನಿಗೇ ದೊರೆಯಿತು. 1949ರಲ್ಲಿ ಅದು ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು.

ಆ ಕುಮಾರಸ್ವಾಮಿಯ ಬೆಟ್ಟವನ್ನು ಹತ್ತದೆ ಸಂಡೂರನ್ನು ನೋಡಿದಂತಾಗದು. ಅಲ್ಲಿಯ ಪಾರ್ವತಿಯ ಗುಡಿ ಪ್ರಾಚೀನವಾದುದು. ರಾಷ್ಟ್ರಕೂಟರ ಕಾಲದ ಶಾಸನ ಅಲ್ಲಿಯ ಕ್ಷೇತ್ರದ ಹಿರಿಮೆಯನ್ನು ಹೇಳುತ್ತದೆ. 1932ರಲ್ಲಿ, ದೇಶದ ಬಹುಪಾಲು ದೊಡ್ಡ ದೇವಾಲಯಗಳ ಬಾಗಿಲು ಹರಿಜನರಿಗೆ ಮುಚ್ಚಿದ್ದ ಕಾಲದಲ್ಲಿ, ಸಂಡೂರಿನ ಅರಸು ಯಶವಂತರಾವ್ ಘೋರ್ಪಡೆಯವರು ಈ ದೇವಾಲಯವನ್ನು ಅವರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ಇದು ನಾಲ್ಕು ವರ್ಷ ಹಿಂದಿನದು. ಹಾಗೆಂದು ಸಂಸ್ಥಾನದಲ್ಲಿ ಎಲ್ಲವೂ ಸುಖವಾಗಿತ್ತೆಂದು ತಿಳಿಯಬಾರದು. ಉಳುವವರ ಕಷ್ಟ ಸ್ವಾತಂತ್ರ್ಯ ಬಂದ ಮೇಲೂ ತೀರಲಿಲ್ಲ. 1973ರಲ್ಲಿ ಅಲ್ಲಿಯ ರೈತರು ಭೂಮಿಗಾಗಿ ಸತ್ಯಾಗ್ರಹ ಹೂಡಬೇಕಾಯಿತು.

ನಡೆಯುವ ಹುಮ್ಮಸ್ಸುಳ್ಳವರಿಗೆ ರಾಮನದುರ್ಗವಿದೆ. ಸಮುದ್ರಮಟ್ಟದಿಂದ 3200 ಅಡಿಗೂ ಎತ್ತರದ ಈ ಬೆಟ್ಟದ ಮೇಲೆ 19ನೆಯ ಶತಮಾನದಲ್ಲಿ ಇಂಗ್ಲಿಷರು ಬಳ್ಳಾರಿಯ ದಂಡಿನ ಸೈನಿಕರಿಗೆ ಆರೋಗ್ಯಧಾಮವನ್ನು ಕಟ್ಟಿದ್ದರು. ಬಳ್ಳಾರಿಯ ಬೇಸಗೆಯನ್ನು ಅನುಭವಿಸಿದವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಹುಲ್ಲಿನ ನಡುವಣ ಕಾಲುದಾರಿಯಲ್ಲಿ ಮುಂಜಾನೆ ಹೊರಟರೆ ನವಿಲಿನ ಕೂಗು ಕಿವಿಗೆ ಬೀಳುತ್ತದೆ. ಚಿರತೆ, ಕರಡಿಗಳು ಕಣ್ಣಿಗೆ ಬೀಳದಿದ್ದರೂ ಇವೆ. ಹಲವು ವರ್ಷಗಳಿಗೊಮ್ಮೆ ನೀಲಕುರಿಂಜಿ ಅರಳುತ್ತದೆ. ಮಂತ್ರಿಯಾಗಿದ್ದೂ ಕಾಡಿನಲ್ಲಿ ಗಂಟೆಗಟ್ಟಲೆ ಕಾದು ಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳನ್ನು ತೆಗೆದ ಎಂ. ವೈ. ಘೋರ್ಪಡೆಯವರು ಈ ಊರಿನವರು. ಲಂಬಾಣಿ ಹೆಂಗಸರು ಕನ್ನಡಿ ಚೂರು, ಕವಡೆಗಳನ್ನು ಕೂಡಿಸಿ ಹೊಲಿಯುವ ಕಸೂತಿಯೂ ಸಂಡೂರಿನ ಹೆಸರನ್ನು ದೂರಕ್ಕೆ ಕೊಂಡೊಯ್ದಿದೆ.

ಕಬ್ಬಿಣದ ಬೆಟ್ಟಗಳ ನಡುವೆ ಬಾಳುವವರು ಕಬ್ಬಿಣವನ್ನು ಮುಟ್ಟದೆ ಇರಲಿಲ್ಲ. ಹಿಂದೆ ಹಳ್ಳಿಯ ಕುಲುಮೆಗಳಲ್ಲಿ ಇದ್ದಿಲು ಉರಿಸಿ ಅದಿರನ್ನು ಕರಗಿಸುತ್ತಿದ್ದರು. ಅದರಿಂದ ನೇಗಿಲಿನ ಗುಳ, ಕುಡುಗೋಲು, ಕೊಡಲಿಗಳಾದುವು. ಬೆಟ್ಟಕ್ಕೆ ಅದು ತಿಳಿಯಲೂ ಇಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾಂಗನೀಸ್ ಅದಿರನ್ನು ಪರದೇಶಕ್ಕೆ ಸಾಗಿಸುವುದು ಮೊದಲಾಯಿತು. 1977ರಲ್ಲಿ ದೋಣಿಮಲೆಯ ದೊಡ್ಡ ಕಬ್ಬಿಣದ ಗಣಿ ಕೆಲಸಕ್ಕೆ ತೊಡಗಿತು. ಸಾವಿರಾರು ಮನೆಗಳ ಒಲೆ ಇದರಿಂದ ಉರಿದಿದೆ. ಆ ಉಪಕಾರವನ್ನು ಮರೆತು ಗಣಿಯನ್ನು ಬೈಯುವುದು ಸುಲಭ, ನ್ಯಾಯವಲ್ಲ.

ಆದರೆ 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಮನುಷ್ಯನ ಆಸೆಗೆ ಗಂಡಿಯಲ್ಲಿ ತಡೆಯೊಡ್ಡುವ ಶಿವರಾಯನಿರಲಿಲ್ಲ. ಗುತ್ತಿಗೆಯ ಎಲ್ಲೆಕಲ್ಲುಗಳು ರಾತ್ರೋರಾತ್ರಿ ನಡೆದವು. ಲಾರಿಗಳ ಸಾಲು ಮುಗಿಯಲಿಲ್ಲ. ಹೊಲದ ಹತ್ತಿ ಕೆಂಪಾಯಿತು, ಮಕ್ಕಳ ಪಾಟಿಯ ಮೇಲೆಯೂ ಧೂಳು ಕೂತಿತು. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತರು ಅಕ್ರಮ ಗಣಿಗಾರಿಕೆಯನ್ನು ಕುರಿತ ವರದಿಯನ್ನು ಸಲ್ಲಿಸಿದರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಅತಿ ಹೆಚ್ಚು ಅಕ್ರಮ ಕಂಡುಬಂದ ಗಣಿಗಳ ಗುತ್ತಿಗೆಗಳು ರದ್ದಾದುವು. ಉಳಿದವು, ಇಂತಿಷ್ಟೇ ಅಗೆಯಬೇಕೆಂಬ ಮಿತಿಗೆ ಒಳಪಟ್ಟು, ಮತ್ತೆ ಕೆಲಸ ನಡೆಸತೊಡಗಿದುವು. ಕಡಿದ ಬೆಟ್ಟದ ಮೆಟ್ಟಿಲುಗಳ ಮೇಲೆ ಸಸಿಗಳನ್ನು ನೆಡಬೇಕೆಂದು ವಿಧಿಸಲಾಯಿತು. ಸಸಿ ಮರವಾಗಬಲ್ಲದು, ಕರಗಿದ ಶಿಖರ ಮತ್ತೆ ಬೆಳೆಯುವುದಿಲ್ಲ. ಮೋಡಕ್ಕೆ ಬೇಕಾದುದು ಆ ಎತ್ತರ.

ಇಂದಿಗೂ ಮಳೆ ಹೊಯ್ದ ಮರುದಿನ ನಾರಿಹಳ್ಳ ಕೆಂಪಾಗಿ ಹರಿಯುತ್ತದೆ. ಅದು ಹಿಂದೆಯೂ ಕೆಂಪಾಗಿಯೇ ಹರಿಯುತ್ತಿತ್ತು, ಅಲ್ಲಿಯ ಮಣ್ಣಿನ ಬಣ್ಣವೇ ಅದು. ಈ ಕೆಂಪಿನಲ್ಲಿ ಮಳೆ ತೊಳೆದುದೆಷ್ಟು, ಮನುಷ್ಯ ಅಗೆದು ಬಿಟ್ಟುದೆಷ್ಟು ಎಂಬುದು ದಡದಲ್ಲಿ ನಿಂತವನ ಕಣ್ಣಿಗೆ ತಿಳಿಯುವುದಿಲ್ಲ. ಓಬಳಗಂಡಿಯ ಬಂಡೆಗಳ ನಡುವೆ ಸದ್ದುಮಾಡುತ್ತ ಆ ನೀರು ದರೋಜಿಯ ಕಡೆಗೆ ಹೊರಟುಹೋಗುತ್ತದೆ.