ರಾವಂದೂರಿನ ಬ್ಯಾರನ್ನಿನ ಮುಂದೆ

ಪಿರಿಯಾಪಟ್ಟಣದಿಂದ ರಾವಂದೂರಿಗೆ ಊರು ನೋಡಲೆಂದು ಹೋಗುವವರು ಅಪರೂಪ. ನಾನು ಹೋದುದೂ ಗೆಳೆಯನ ಮನೆಗೆ. ಅಕ್ಟೋಬರಿನ ಅಮಾವಾಸ್ಯೆಯ ರಾತ್ರಿ. ಹೊಗೆಸೊಪ್ಪು ಬೇಯಿಸುವ ಕಾಲ. ಕಾವು ತಪ್ಪಿದರೆ ಬ್ಯಾರನ್ನಿನ ಸೊಪ್ಪೆಲ್ಲ ಬಣ್ಣಗೆಡುವುದಾದುದರಿಂದ ಗೆಳೆಯನ ತಂದೆ ಒಲೆಯ ಬಾಯಿ ಬಿಟ್ಟು ಏಳಲಿಲ್ಲ.

"ಕೃತ್ತಿಕೆ ನೆತ್ತಿಗೆ ಬಂದಾಗ ಇನ್ನೊಂದು ಸಲ ಸೌದೆ ಹಾಕಬೇಕು ಮೇಷ್ಟ್ರೇ" ಎಂದರು. ಮಗನ ಮೊಬೈಲಿನ ಗಂಟೆಗಿಂತ ಅವರಿಗೆ ಅದರಲ್ಲೇ ನಂಬಿಕೆ. "ನಮ್ಮಜ್ಜ ತೋರಿಸಿದಂಗೇ ಅವೆ ನೋಡಿ. ಒಂದೂ ಅಳ್ಳಾಡಿಲ್ಲ."

ನೈರುತ್ಯದ ಧನು ರಾಶಿಯಿಂದ ನೆತ್ತಿಯ ಮೇಲೆ ಹಾಯ್ದು ಆಕಾಶಗಂಗೆ ಹರಡಿತ್ತು. ಅಲುಗಾಡುತ್ತವೆ ಎಂದೆ. ನಮ್ಮ ಸೂರ್ಯನೇ ಸೆಕೆಂಡಿಗೆ ಸುಮಾರು 230 ಕಿಲೋಮೀಟರು ಓಡುತ್ತಿದ್ದಾನೆ; ಒಂದು ಸುತ್ತಿಗೆ 22 ಕೋಟಿ ವರ್ಷ ಬೇಕು. ಮನುಷ್ಯನ ಮೂರು ತಲೆಮಾರು ಅದಕ್ಕೆ ಯಾವ ಲೆಕ್ಕ?

"ಅದರೊಳಗೇ ಇದ್ಕಂಡು ಅದರ ರೂಪ ಹೆಂಗೆ ಕಂಡ್ರು?"

ಪಾಠ ಹೇಳುವಾಗ ಆಕಾಶಗಂಗೆಯನ್ನು ಬರಿಯ ಉಪಮೆಯಾಗಿ ದಾಟಿಸಿಬಿಡುವ ನನ್ನಂಥವನನ್ನು ಈ ಪ್ರಶ್ನೆ ಕೆಣಕಿತು. ಹಾಲೆಂಡಿನ ಯಾನ್ ಊರ್ಟ್ 1927ರಲ್ಲಿ ತೋರಿಸಿಕೊಟ್ಟುದನ್ನು ಹೇಳಿದೆ: ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳು ಸಾಲು ತಪ್ಪದೆ ತಿರುಗುತ್ತವೆ, ನಕ್ಷತ್ರಗಳು ಹಾಗಲ್ಲ. ಒಳಗಿನವು ನಮ್ಮನ್ನು ಹಿಂದೆ ಹಾಕುತ್ತವೆ, ಹೊರಗಿನವು ಹಿಂದುಳಿಯುತ್ತವೆ. ತಟ್ಟೆಯೊಂದು ತಿರುಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಸುತ್ತುತ್ತಲೇ ಅವು ತಟ್ಟೆಯ ಮೇಲಕ್ಕೂ ಕೆಳಕ್ಕೂ ತೂಗಾಡುತ್ತವೆ. ಎಷ್ಟು ವೇಗ, ಎಷ್ಟು ಎತ್ತರ ಎಂದಳೆದರೆ ತಟ್ಟೆಯ ದಪ್ಪವೂ ಅದರೊಳಗಿನ ತೂಕವೂ ತಿಳಿಯುತ್ತವೆ. ನಕ್ಷತ್ರಗಳ ಎಳೆತಕ್ಕೆ ಅನಿಲದ ಎಳೆತವನ್ನೂ ಸೇರಿಸಿ ಈ ದಪ್ಪದ ಲೆಕ್ಕ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಒಬ್ಬರು. ಇದು ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು!

2013ರಲ್ಲಿ ಯೂರೋಪಿನವರು ಹಾರಿಸಿದ ಗಾಯಾ ನೌಕೆ 2025ರ ಜನವರಿಯವರೆಗೆ ನೂರು ಕೋಟಿಗೂ ಮಿಕ್ಕ ನಕ್ಷತ್ರಗಳನ್ನು ಅಳೆಯಿತು. ಅದರ 2018ರ ಪಟ್ಟಿಯನ್ನು ಪರಿಶೀಲಿಸಿದಾಗ ಹೊರವಲಯದ ನಕ್ಷತ್ರಗಳು ಗುಂಪಾಗಿ ಮೇಲ್ಮುಖವಾಗಿ ಸರಿಯುತ್ತಿರುವುದು ಕಂಡಿತು. ಸಮತಟ್ಟಾದ ತಟ್ಟೆಯಲ್ಲಿ ಹೀಗಾಗದು. ಅಂಚು ಒಂದು ಕಡೆ ಮೇಲಕ್ಕೂ ಇನ್ನೊಂದು ಕಡೆ ಕೆಳಕ್ಕೂ ಬಾಗಿದೆ.

ಮುದುಕರು ಬೆಂದಿಳಿಸಿದ್ದ ಸೊಪ್ಪೊಂದನ್ನು ಬೆಂಕಿಯ ಬೆಳಕಿಗೆ ಹಿಡಿದರು. ಅದರ ಅಂಚೂ ಹಾಗೆಯೇ ಮುರುಟಿತ್ತು.

"ಹಿಂಗಾ?"

"ಹೂಂ, ಸುಮಾರು ಹಾಗೇ."

ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡಿದರು. ಆಮೇಲೆ ಆಕಾಶ ನೋಡಿ ಧಡಕ್ಕನೆ ಎದ್ದರು. ಕೃತ್ತಿಕೆ ನೆತ್ತಿ ದಾಟಿತ್ತು. ಒಲೆಯಲ್ಲಿ ಕೆಂಡ ಮಾತ್ರ ಉಳಿದಿತ್ತು. ಇಬ್ಬರೂ ಸೌದೆ ಎಳೆಯಲು ಓಡಿದೆವು.