ಕಿರುಚುವ ಬ್ರೇಕು

ಬ್ರೇಕ್ ಪ್ಯಾಡನ್ನು ಸ್ವಂತ ಕೈಯಿಂದ ಬದಲಿಸಿದವನನ್ನು ಬೀದಿಯಲ್ಲಿ ಪತ್ತೆಹಚ್ಚುವುದು ಸುಲಭ. ಕಾರು ನಿಧಾನವಾದಾಗಲೆಲ್ಲ ‘ಕ್ರೀಂಯ್’ ಎನ್ನುತ್ತದೆ. ಒಳಗಿರುವವನು ಗಾಜಿಳಿಸಿ ಮುಂದಿನ ಚಕ್ರದತ್ತ ಕಿವಿ ಚಾಚಿರುತ್ತಾನೆ. ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ನಮ್ಮ ಬೀದಿಯಲ್ಲಿ ಆ ಪದವಿ ನನ್ನದಾಗಿತ್ತು. ಜನ ತಿರುಗಿ ನೋಡುತ್ತಿದ್ದರು. ನಾಯಿಗಳೂ.

ಪ್ಯಾಡ್ ಹಾಕುವುದೇನೂ ಬ್ರಹ್ಮವಿದ್ಯೆಯಲ್ಲ. ಜಾಕಿ ಕೊಟ್ಟು, ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ಬಿಚ್ಚಿ, ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆತ್ತಿದರೆ ಸವೆದ ಪ್ಯಾಡು ಕೈಗೇ ಬರುತ್ತದೆ. ಹೊಸದು ದಪ್ಪವಾದ್ದರಿಂದ ಅದಕ್ಕೆ ಜಾಗವಾಗುವಂತೆ ಪಿಸ್ಟನ್ನನ್ನು ಕ್ಲಾಂಪು ಹಾಕಿ ಹಿಂದಕ್ಕೆ ಒತ್ತಬೇಕು. ಆಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ಉಕ್ಕಿ ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಹಳೆ ಬಟ್ಟೆಯೊಂದು ಹತ್ತಿರ ಇರಲಿ.

ಎಲ್ಲ ಕೂರಿಸಿದ ಮೇಲೆ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಲು ಹೇಳಿದೆ. “ರೀ, ಇದು ನೆಲಕ್ಕೇ ಹೋಗ್ತಿದೆಯಲ್ರೀ!” ಹೋಗಲೇಬೇಕು. ಹಿಂದೆ ಸರಿದ ಪಿಸ್ಟನ್ನು ಪ್ಯಾಡನ್ನು ಮುಟ್ಟುವವರೆಗೆ ಪೆಡಲಿಗೆ ಎದುರೊತ್ತೇ ಇರುವುದಿಲ್ಲ. ಹಲವು ಸಲ ಒತ್ತಿ ಬಿಟ್ಟ ಮೇಲೆ ಅದು ಗಟ್ಟಿಯಾಯಿತು. ಸದ್ದು ಶುರುವಾದದ್ದು ಬೀದಿಗಿಳಿದ ಮೇಲೆ.

ಸಲಹೆಗಳಿಗೆ ನಮ್ಮಲ್ಲಿ ಬರವಿಲ್ಲ. ಪ್ಯಾಡ್ ಕೊಟ್ಟ ಅಂಗಡಿಯವರು “ಹೊಸದಲ್ವಾ ಸಾರ್, ಓಡಿಸ್ತಾ ಓಡಿಸ್ತಾ ತಾನೇ ಕೂತ್ಕೊಳ್ಳುತ್ತೆ” ಎಂದರು. ಎದುರು ಮನೆಯ ರಾಯರದು ಇನ್ನೂ ಸರಳ: “ಒಂದು ತೊಟ್ಟು ಎಣ್ಣೆ ಬಿಡ್ರಿ ಮಾರಾಯ್ರೆ, ನಿಲ್ಲುತ್ತೆ.” ಸದ್ದೇನೋ ನಿಲ್ಲುತ್ತದೆ. ಕಾರು ನಿಲ್ಲುವುದಿಲ್ಲ.

ಈ ಕಿರುಚಾಟ ಡಿಸ್ಕ್ ಬ್ರೇಕಿನ ಹುಟ್ಟುಗುಣ. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟ್ ಪಡೆದ. ತಿರುಗುವ ಲೋಹದ ತಟ್ಟೆಯನ್ನು ತಾಮ್ರದ ತುಂಡುಗಳು ಹಿಡಿಯುವ ಏರ್ಪಾಡು. ಲೋಹಕ್ಕೆ ಲೋಹ ಉಜ್ಜಿ ಬರುವ ಅರಚಾಟ ಯಾರಿಗೂ ಸಹಿಸಲಾಗಲಿಲ್ಲ. 1953ರಲ್ಲಿ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ಓಟ ಗೆಲ್ಲುವವರೆಗೆ ಲ್ಯಾಂಚೆಸ್ಟರನ ಉಪಾಯವನ್ನು ಕಾರಿನವರು ಹೆಚ್ಚುಕಡಿಮೆ ಮರೆತೇ ಇದ್ದರು.

ಸ್ವಂತವಾಗಿ ಬ್ರೇಕ್ ರಿಪೇರಿ ಮಾಡುವವರಿಗೆಲ್ಲ ಕುಲಗುರು ಒಬ್ಬಳಿದ್ದಾಳೆ, ಬರ್ಥಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ ಅವನು ಕಟ್ಟಿದ ಮೋಟಾರು ಗಾಡಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಜರ್ಮನಿಯ ಮ್ಯಾನ್‌ಹೈಮಿನಿಂದ ಪೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿನಷ್ಟು ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆಯಿತು. ದಾರಿಯ ಹಳ್ಳಿಯೊಂದರಲ್ಲಿ ಚಮ್ಮಾರನನ್ನು ಹಿಡಿದು ಬ್ರೇಕಿಗೆ ಚರ್ಮ ಹೊಡೆಸಿಕೊಂಡು ಮುಂದೆ ಸಾಗಿದಳು. ಪ್ಯಾಡಿನ ವಂಶಾವಳಿ ಶುರುವಾಗುವುದು ಆ ಚರ್ಮದಿಂದ. ಇಂಗ್ಲೆಂಡಿನ ಡಾರ್ಬಿಶೈರಿನ ಗುಡ್ಡಗಳಲ್ಲಿ ಗಾಡಿ ಹೊಡೆಯುವವರೂ ಹಳೆ ಬೂಟನ್ನು ಚಕ್ರಕ್ಕೆ ಒತ್ತಿ ಇಳಿಯುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಲೈನಿಂಗಿನ ಉದ್ಯಮಕ್ಕಿಳಿದ. ಮುಂದೆ ಕಲ್ನಾರು ಬಳಸಿದ. ಕಲ್ನಾರಿಗೆ ಬಿಸಿ ತಾಗದು, ಸದ್ದೂ ಕಡಿಮೆ. ಲೋಕಕ್ಕೆಲ್ಲ ಅದೇ ಬೇಕಾಯಿತು.

ಭದ್ರಾವತಿಯಲ್ಲಿ ನಮ್ಮ ಚಿಕ್ಕಪ್ಪ ಲಾರಿ ಗ್ಯಾರೇಜಿನಲ್ಲಿ ಬ್ರೇಕ್ ಶೂಗಳಿಗೆ ಲೈನಿಂಗ್ ಹೊಡೆಯುತ್ತಿದ್ದರು. ಹಿತ್ತಾಳೆಯ ರಿವೆಟ್ಟು, ಸಣ್ಣ ಸುತ್ತಿಗೆ, ಟಕ್ ಟಕ್. ಡ್ರಮ್ ಬಿಚ್ಚಿದೊಡನೆ ಒಳಗಿನ ಬೂದುಬಣ್ಣದ ಪುಡಿಯನ್ನು ‘ಫೂ’ ಎಂದು ಬಾಯಿಂದ ಊದುತ್ತಿದ್ದರು. ಬೇಸಿಗೆ ರಜೆಗೆ ಹೋದ ನನಗೂ ಆ ಊದುವ ಕೆಲಸ ಸಿಗುತ್ತಿತ್ತು, ಅದೊಂದು ಬಡ್ತಿ ಎಂಬಂತೆ. ಚಿಕ್ಕಪ್ಪನ ಕೆಮ್ಮಿಗೆ ಅಜ್ಜಿ ಬೀಡಿಯನ್ನು ಬೈಯುತ್ತಿದ್ದಳು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲೇ ಸತ್ತಿದ್ದಳು. ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಎಳೆಗಳಿದ್ದುದನ್ನು ವೈದ್ಯರು ಆಗಲೇ ಬರೆದಿಟ್ಟಿದ್ದರು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ತಾಮ್ರ ಅರಚಿತೆಂದು ಮೂಲೆಗೆ ಸೇರಿತು, ಸುಮ್ಮನಿದ್ದ ಕಲ್ನಾರು ದಶಕಗಟ್ಟಲೆ ಮರ್ಯಾದೆಯಿಂದ ಬಾಳಿತು.

ನನ್ನ ಕಾರಿನ ಗುಟ್ಟು ಹೇಳಿದ್ದು ಹಳೆ ಪ್ಯಾಡು. ಬಿಚ್ಚಿದ ಪ್ಯಾಡನ್ನು ಬಿಸಾಡಬಾರದು, ಅದು ಚಕ್ರದ ಜಾತಕ. ಎಡಗಡೆಯದು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳ್ಳಗೆ, ಓರೆಯಾಗಿ ಸವೆದಿತ್ತು. ಒಂದು ಸುತ್ತು ಓಡಿಸಿ ಬಂದು ಚಕ್ರಗಳ ಹತ್ತಿರ ಕೈ ಹಿಡಿದರೆ ಎಡದ್ದೇ ಹೆಚ್ಚು ಬಿಸಿ. ಕ್ಯಾಲಿಪರು ಅತ್ತಿತ್ತ ಜಾರಲು ಎರಡು ಪಿನ್ನುಗಳಿರುತ್ತವೆ. ಮೇಲಿನದು ಬೆರಳಲ್ಲೇ ಜಾರಿತು. ಕೆಳಗಿನದನ್ನು ಸ್ಪ್ಯಾನರಿನಿಂದ ತಿರುಚಿ ಎಳೆಯಬೇಕಾಯಿತು. ಅದರ ರಬ್ಬರ್ ಟೋಪಿ ಬಿರುಕು ಬಿಟ್ಟು ಮಲೆನಾಡಿನ ಮಳೆಯೆಲ್ಲ ಒಳಗೆ ಹೊಕ್ಕಿತ್ತು. ಪಿನ್ನಿನ ಮೈಮೇಲೆ ಕೆಮ್ಮಣ್ಣಿನಂಥ ತುಕ್ಕು. ಉಪ್ಪುಕಾಗದದಲ್ಲಿ ತಿಕ್ಕಿ, ಹೊಸ ರಬ್ಬರ್ ಹಾಕಿ, ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸಿಗೆ ಈ ರಬ್ಬರ್ ಉಬ್ಬಿಕೊಳ್ಳುತ್ತದೆ. ಆಮೇಲೆ ಬೆಳಗಿನ ಜಾವ ಖಾಲಿಯಿದ್ದ ಕೊಪ್ಪದ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ಇಳಿಸಿ, ನಡುನಡುವೆ ತಣಿಯಲು ಬಿಟ್ಟು ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆ. ಅಂಗಡಿಯವರ ಮಾತು ಅಷ್ಟರ ಮಟ್ಟಿಗೆ ನಿಜ. ಸದ್ದು ಅಡಗಿತು.

ಕಿರುಚುವ ಬ್ರೇಕಿನ ಮೇಲೆ ನನಗೀಗ ಗೌರವವಿದೆ. ಎಷ್ಟೋ ಪ್ಯಾಡುಗಳಲ್ಲಿ ಸವೆತ ಮಿತಿಗೆ ಬಂದಾಗ ಡಿಸ್ಕಿಗೆ ತಾಗಿ ಚೀರಲೆಂದೇ ಒಂದು ತಗಡಿನ ನಾಲಗೆ ಇಟ್ಟಿರುತ್ತಾರೆ. ಕೈಕೊಡುವ ಬ್ರೇಕು ಚೀರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದು, ತೇವ ಹೀರಿದ್ದು 140ರ ಸುಮಾರಿಗೇ ಕುದಿಯಬಹುದು. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಗೇನು ಕೊರತೆ? ಕುದಿದರೆ ಆವಿ, ಆವಿಯಾದರೆ ಪೆಡಲು ಮೆತ್ತಗೆ. ಒಂದು ಚೂರೂ ಸದ್ದಿರುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿ ಎಂದು ಘಾಟಿಯ ಡ್ರೈವರುಗಳು ಹೇಳುವುದು ಇದಕ್ಕೇ.

ಪ್ಯಾಡ್ ನೀವೇ ಹಾಕುವುದಾದರೆ ಧಾರಾಳವಾಗಿ ಹಾಕಿ. ಪೆಡಲು ಗಟ್ಟಿಯಾಗುವ ಮುಂಚೆ ಗೇರ್ ಹಾಕಬೇಡಿ. ಎಷ್ಟು ಒತ್ತಿದರೂ ಸ್ಪಂಜಿನಂತೆ ಕುಸಿಯುತ್ತಿದ್ದರೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಚಕ್ರದೊಳಗಿನ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬಾಯಿಂದ ಊದಬೇಡಿ, ಮಕ್ಕಳ ಕೈಲೂ ಊದಿಸಬೇಡಿ.